ಕಾಫಿ ಹೊಟ್ಟಿನ ಬ್ರಿಕೆಟ್‌ ಉರಿಸಿದರೆ ಹೊಗೆಯೇ ಬರುವುದಿಲ್ಲವೇ?

‘ಕಸದಿಂದ ಹೊಗೆಯಿಲ್ಲದ ಇಂಧನ, ಇನ್ನು ಸಿಲಿಂಡರ್ ಬೇಕಿಲ್ಲ’ ಎನ್ನುವ ಧಾಟಿಯ ವಿಡಿಯೊಗಳು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಯಂತ್ರದ ಒಂದು ಬದಿಗೆ ಹೊಟ್ಟು ಸುರಿಯುತ್ತಾರೆ, ಇನ್ನೊಂದು ಬದಿಯಿಂದ ಕಂದು ಬಣ್ಣದ ಗಟ್ಟಿ ಕೊರಡುಗಳು ಹೊರಬರುತ್ತವೆ. ಯಂತ್ರವೂ ನಿಜ, ಕೊರಡೂ ನಿಜ. ಹೊಗೆಯ ಮಾತನ್ನು ಮಾತ್ರ ಹಾಗೇ ನಂಬುವಂತಿಲ್ಲ.

ಕೊಡಗನ್ನೇ ನೋಡಿ. ದೇಶದ ಕಾಫಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಈ ಜಿಲ್ಲೆಯದು. ಹಣ್ಣನ್ನು ಕಣದಲ್ಲಿ ಇಡಿಯಾಗಿ ಒಣಗಿಸಿದರೆ ಅದು ಚೆರಿ. 50 ಕೆ.ಜಿ. ರೊಬಸ್ಟಾ ಚೆರಿಯ ಸಿಪ್ಪೆ ಬಿಡಿಸಿದರೆ ಸಿಗುವ ಬೀಜ ಸುಮಾರು 26 ಕೆ.ಜಿ. ಬೆಳೆಗಾರರು ಇದನ್ನೇ ‘ಔಟ್‌ಟರ್ನ್’ ಎನ್ನುತ್ತಾರೆ, ರೇಟು ನಿಲ್ಲುವುದೂ ಇದರ ಮೇಲೆ. ಮಿಕ್ಕಿದ್ದು ಬಹುಪಾಲು ಹೊಟ್ಟು. ಹಾಗಾಗಿ ಕುಶಾಲನಗರದ ಕೂಡ್ಲೂರಿನಂಥ ಕಡೆ, ಕ್ಯೂರಿಂಗ್ ನಡೆಯುವಲ್ಲೆಲ್ಲ, ಬೀಜದಷ್ಟೇ ತೂಕದ ಹೊಟ್ಟೂ ರಾಶಿ ಬೀಳುತ್ತದೆ.

ಸಡಿಲ ಹೊಟ್ಟು ಬಲು ಹಗುರ. ಲಾರಿಗೆ ತುಂಬಿದರೆ ಸಾಗಿಸುವುದು ಹೆಚ್ಚಾಗಿ ಗಾಳಿಯನ್ನೇ! ಅದಕ್ಕೇ ಅದನ್ನು ಭಾರೀ ಒತ್ತಡದಲ್ಲಿ ಅದುಮುತ್ತಾರೆ. ಒತ್ತಡ ಮತ್ತು ಉಜ್ಜುವಿಕೆಯಿಂದ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಸಸ್ಯದ ನಾರಿನಲ್ಲೇ ಇರುವ ಲಿಗ್ನಿನ್ ಎಂಬ ವಸ್ತು ಮೆತ್ತಗಾಗಿ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಬೇರೆ ಅಂಟು ಬೇಕಿಲ್ಲ. ಆದರೆ ಹೊಟ್ಟು ಚೆನ್ನಾಗಿ ಒಣಗಿರಬೇಕು. ತೇವ ಹೆಚ್ಚಿದ್ದರೆ ಒಳಗಿನ ನೀರು ಆವಿಯಾಗಿ ಕೊರಡು ಬಿರಿಯುತ್ತದೆ. ಊಟದ ಎಂಜಲು, ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲು ನೀರೇ. ಅದನ್ನು ಒಣಗಿಸಿ ಬ್ರಿಕೆಟ್ ಮಾಡುವ ಬದಲು ಗೋಬರ್ ಗ್ಯಾಸ್ ಗುಂಡಿಗೆ ಹಾಕುವುದು ಜಾಣತನ.

ಅದುಮಿದಾಗ ಬದಲಾಗುವುದು ಸಾಂದ್ರತೆ. ಉರಿಯುವ ವಸ್ತು ಅದೇ ಹೊಟ್ಟು. ಕೆ.ಜಿ.ಗೆ ಸುಮಾರು 4,000 ಕಿಲೊಕ್ಯಾಲರಿ ಶಾಖ, ಅಂದರೆ ಒಣ ಸೌದೆಯ ಆಸುಪಾಸು. ಅಡುಗೆ ಗ್ಯಾಸಿನದು ಹೆಚ್ಚುಕಡಿಮೆ 11,000. ಫ್ಯಾನಿನಿಂದ ಗಾಳಿ ಊದುವ ಕಾರ್ಖಾನೆಯ ಬಾಯ್ಲರಿನಲ್ಲಿ ಬ್ರಿಕೆಟ್ ಚೆನ್ನಾಗಿ ಉರಿಯುತ್ತದೆ, ಕಲ್ಲಿದ್ದಲು ಉಳಿಸುತ್ತದೆ. ಅದರ ನಿಜವಾದ ಜಾಗ ಅದು. ಮನೆಯ ಮಣ್ಣಿನ ಒಲೆಯಲ್ಲಿ ಗಾಳಿ ಸಾಲದೆ ಅರ್ಧಂಬರ್ಧ ಉರಿದರೆ ಹೊಗೆ ಬಂದೇ ಬರುತ್ತದೆ. ಮಳೆಗಾಲದ ಹಸಿ ಸೌದೆಗಿಂತ ಕಡಿಮೆ ಬರಬಹುದು, ಫಾರ್ವರ್ಡ್‌ಗಳಲ್ಲಿ ಸತ್ಯ ಇರುವುದು ಅಷ್ಟು ಮಾತ್ರ.

ಇನ್ನೊಂದು ಬಗೆಯೂ ಇದೆ: ಹೊಟ್ಟನ್ನು ಮೊದಲು ಇದ್ದಿಲು ಮಾಡಿ, ಅಂಟು ಬೆರೆಸಿ ಉಂಡೆ ಕಟ್ಟಿದ್ದು. ಇದು ಹತ್ತಿಕೊಂಡ ಮೇಲೆ ಹೊಗೆ ತೀರಾ ಕಡಿಮೆ. ಅಪಾಯ ಇರುವುದು ಇಲ್ಲೇ. ಇದ್ದಿಲಿನ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬರುತ್ತವೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಜುಲೈ ಮಳೆಯಲ್ಲಿ ಲೈನ್ ಮನೆಯಾಗಲಿ, ಹೋಮ್‌ಸ್ಟೇ ಕೋಣೆಯಾಗಲಿ, ಚಳಿಗೆ ಕಿಟಕಿ ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಲೇಬಾರದು. ‘ಹೊಗೆಯಿಲ್ಲ’ ಎಂಬ ಭರವಸೆಯ ಮೇಲಂತೂ ಬೇಡ. ಯಾರಿಗಾದರೂ ಹಾಗಾಗಿದ್ದರೆ ಮೊದಲು ಹೊರಗಿನ ಗಾಳಿಗೆ ತನ್ನಿ, ತಕ್ಷಣ 108ಕ್ಕೆ ಕರೆ ಮಾಡಿ.

ಹೊಟ್ಟನ್ನೆಲ್ಲ ಸುಡಲೇಬೇಕೆಂದೂ ಇಲ್ಲ. ಅದರಲ್ಲಿ ಪೊಟ್ಯಾಶ್ ಧಾರಾಳವಾಗಿದೆ, ಸಗಣಿ ಬೆರೆಸಿ ಕೊಳೆಸಿದರೆ ತೋಟಕ್ಕೇ ಗೊಬ್ಬರ. ಸುಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ, ಪೊಟ್ಯಾಶ್ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿ ದೂರದ ಕಾರ್ಖಾನೆಯ ಬಾಯ್ಲರಿನಲ್ಲಿ ಬಿದ್ದಿದ್ದರೆ ತೋಟಕ್ಕೆ ಅದೂ ಸಿಗುವುದಿಲ್ಲ.