ಬಾಂಬು ಬಿದ್ದ ದಾರಿಯ ಸಾಕ್ಷಿ ಯಾರು?

ಗಾಣಗಾಪುರ: ದತ್ತ ದರ್ಶನಕ್ಕೆಂದು ರೈಲಿನಲ್ಲಿ ಬರುವ ಭಕ್ತರು ಇಳಿಯುವ ಗಾಣಗಾಪುರ ರೋಡ್ ನಿಲ್ದಾಣಕ್ಕೆ ಇನ್ನೊಂದು ಇತಿಹಾಸವೂ ಇದೆ. 1948ರ ಮೇ 22ರಂದು ಇಲ್ಲಿ ಮದ್ರಾಸ್–ಮುಂಬಯಿ ಮೇಲ್ ಗಾಡಿಯ ಮೇಲೆ ರಜಾಕಾರರು ದಾಳಿ ನಡೆಸಿದ್ದರು. ಆಗ ಅಫಜಲಪುರ ಸೀಮೆ ಹೈದರಾಬಾದ್ ಸಂಸ್ಥಾನದ ಅಂಚು. ಭೀಮೆಯಾಚೆಗಿನ ಇಂಡಿ, ಸಿಂದಗಿ ಭಾಗಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ರೈಲು ದಾಳಿಯ ಸುದ್ದಿ ದೇಶದಾದ್ಯಂತ ಆಕ್ರೋಶ ಹುಟ್ಟಿಸಿತು. ನಾಲ್ಕು ತಿಂಗಳು ತುಂಬುವ ಮುನ್ನವೇ ಭಾರತೀಯ ಸೇನೆ ಸಂಸ್ಥಾನದ ಗಡಿ ದಾಟಿತು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಆರಂಭವಾದ ಕಾರ್ಯಾಚರಣೆ 17ರ ಸಂಜೆ ನಿಜಾಮರ ಕದನವಿರಾಮ ಘೋಷಣೆಯೊಂದಿಗೆ ಕೊನೆಗೊಂಡಿತು. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಧ್ವಜಾರೋಹಣ, ಮೆರವಣಿಗೆ, ಭಾಷಣಗಳು ನಡೆಯುತ್ತವೆ. ಸರ್ದಾರ್ ಪಟೇಲರ ದೃಢತೆ, ರಜಾಕಾರರ ಕ್ರೌರ್ಯ, ಹೋರಾಟಗಾರರ ತ್ಯಾಗ ಭಾಷಣಗಳಲ್ಲಿ ತಪ್ಪದೆ ಬರುತ್ತವೆ. ಆದರೆ ಆ ಐದು ದಿನ ಬಂದೂಕು ಹೊತ್ತು ಈ ನೆಲದಲ್ಲಿ ನಡೆದ ಸಾಮಾನ್ಯ ಸೈನಿಕ ಕಂಡದ್ದೇನು ಎಂಬ ಪ್ರಶ್ನೆ ವೇದಿಕೆಗಳ ಮೇಲೆ ಕೇಳಿಬರುವುದು ವಿರಳ.

ವಿಮಾನ ಮೊದಲು, ಸೈನಿಕ ಆನಂತರ

ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟಿತು. ಮೊದಲ ದಿನವೇ ನಳದುರ್ಗದ ಬಳಿ ಬೋರಿ ನದಿಯ ಸೇತುವೆ ಕೈವಶವಾಯಿತು. ಈ ಬೋರಿ, ಗಾಣಗಾಪುರವನ್ನು ಬಳಸಿ ಹರಿಯುವ ಭೀಮೆಯದೇ ಉಪನದಿ. ಪಡೆ ಉಮರ್ಗಾ ತಲುಪಿ ಬೀಡುಬಿಟ್ಟಿತು. ಅಲ್ಲಿಂದ ಪೂರ್ವಕ್ಕೆ ಸುಮಾರು 48 ಕಿ.ಮೀ. ದೂರದಲ್ಲಿತ್ತು ಈಗಿನ ಬೀದರ್ ಜಿಲ್ಲೆಯ ರಾಜೇಶ್ವರ. ದಾರಿಯುದ್ದಕ್ಕೂ ಹೊಂಚುದಾಳಿಗೆ ನೆಲೆಗಳು ಸಿದ್ಧವಾಗಿರುವುದು ವೈಮಾನಿಕ ಸಮೀಕ್ಷೆಯಲ್ಲಿ ಕಂಡುಬಂದಿತು. 14ರಂದು ಟೆಂಪೆಸ್ಟ್ ವಿಮಾನಗಳನ್ನು ಕರೆಸಲಾಯಿತು.

ಟೆಂಪೆಸ್ಟ್ ಎಂಬುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ರೂಪುಗೊಂಡ ಒಂಟಿ ಎಂಜಿನ್ನಿನ ಯುದ್ಧವಿಮಾನ. ನಾಲ್ಕು ಫಿರಂಗಿಗಳ ಜೊತೆಗೆ ಬಾಂಬು ಅಥವಾ ರಾಕೆಟ್ ಹೊರಬಲ್ಲದು. ಎದುರಾಳಿಗಳ ಬಳಿ ಅದಕ್ಕೆ ಉತ್ತರವಿರಲಿಲ್ಲ. ರಜಾಕಾರರಲ್ಲಿ ಬಹುಪಾಲು ಜನರ ಕೈಯಲ್ಲಿದ್ದದ್ದು ಹಳೆಯ ಕಾಲದ ಬಂದೂಕು, ಕತ್ತಿ, ಭರ್ಚಿಗಳು. ವಾಯುದಾಳಿಯಿಂದ ದಾರಿ ತೆರವಾಯಿತು. ಮಧ್ಯಾಹ್ನದ ಹೊತ್ತಿಗೆ ಪಡೆ ರಾಜೇಶ್ವರವನ್ನು ವಶಪಡಿಸಿಕೊಂಡಿತು.

ಯುದ್ಧದ ವರದಿಗಳಲ್ಲಿ ಇದು ಎರಡು ಸಾಲಿನ ವಿಷಯ. ‘ದಾರಿ ತೆರವಾಯಿತು’ ಎಂಬ ಮಾತಿನ ಅರ್ಥ ತಿಳಿದಿರುವುದು ಆ ದಾರಿಯಲ್ಲಿ ನಡೆದವನಿಗೆ ಮಾತ್ರ. ಬಾಂಬು ಹಾಕಿದ ವಿಮಾನ ಚಾಲಕ ಕೆಲವೇ ಕ್ಷಣಗಳಲ್ಲಿ ಆ ಸ್ಥಳವನ್ನು ದಾಟಿ ಹೋಗಿರುತ್ತಾನೆ. ನೆಲದ ಸೈನಿಕ ಹಾಗಲ್ಲ. ಕಂದಕಗಳನ್ನು ಇಣುಕಿ ನೋಡುವುದು, ಸತ್ತವರ ಪಕ್ಕದಿಂದ ಆಯುಧ ತೆಗೆಯುವುದು, ಗಾಯಗೊಂಡವರನ್ನು ಸೆರೆಹಿಡಿಯುವುದು ಅವನ ಪಾಲಿನ ಕೆಲಸ. ಎದುರಾಳಿಯ ಮುಖ ಅವನಿಗೆ ಮೊದಲ ಬಾರಿಗೆ ಕಾಣುವುದು ಅನೇಕ ವೇಳೆ ಆಗಲೇ.

ಯುದ್ಧವೆಂಬ ಹೆಸರಿಲ್ಲ

ಸೈನಿಕನ ಅನುಭವ ಹಿಂದೆ ಸರಿಯಲು ಒಂದು ಕಾರಣ ಹೆಸರಿನಲ್ಲಿಯೇ ಇದೆ. ಹೈದರಾಬಾದ್ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತ್ತು. ಭಾರತಕ್ಕೆ ಇದು ಆಂತರಿಕ ವಿಷಯ. ಹೀಗಾಗಿ ಟ್ಯಾಂಕು, ವಿಮಾನಗಳು ಪಾಲ್ಗೊಂಡ ಕಾರ್ಯಾಚರಣೆಗೆ ‘ಪೊಲೀಸ್ ಕ್ರಮ’ ಎಂಬ ಹೆಸರೇ ನಿಂತಿತು.

ಪದಕಗಳಲ್ಲಿಯೂ ಅದರ ಗುರುತು ಉಳಿದಿದೆ. ನಳದುರ್ಗದ ಬಳಿ ಮಡಿದ ಸಿಖ್ ರೆಜಿಮೆಂಟಿನ ಹವಾಲ್ದಾರ್ ಬಚಿತ್ತರ್ ಸಿಂಗ್ ಮತ್ತು ತುಂಗಭದ್ರಾ ಸೇತುವೆಯ ಬಳಿ ಶೌರ್ಯ ಮೆರೆದ ಗೂರ್ಖಾ ನಾಯಕ್ ನರ್ ಬಹಾದುರ್ ಥಾಪಾ, ಇಬ್ಬರಿಗೂ ಸಂದದ್ದು 1952ರಲ್ಲಿ ಸ್ಥಾಪನೆಯಾದ ಅಶೋಕ ಚಕ್ರ. ಅದು ರಣರಂಗದ ಪರಮವೀರ ಚಕ್ರವಲ್ಲ; ಶತ್ರುವಿನೆದುರಿನ ಯುದ್ಧವಲ್ಲದ ಸಂದರ್ಭದ ಶೌರ್ಯಕ್ಕೆ ಮೀಸಲಾದ ಅತ್ಯುನ್ನತ ಗೌರವ. ಗುಂಡಿಗೆ ಎದೆಯೊಡ್ಡಿದವರು ಕೂಡ ದಾಖಲೆಯಲ್ಲಿ ಯುದ್ಧ ಮಾಡಿದವರಲ್ಲ!

ಸದ್ದಡಗಿದ ಮೇಲೆ

ಹಾಗೆಂದು ಸೈನಿಕರು ಕಂಡದ್ದು ಬಾಂಬಿನ ಪರಿಣಾಮವನ್ನಷ್ಟೇ ಅಲ್ಲ. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಸಾಮೂಹಿಕ ಕಗ್ಗೊಲೆಯ ನೆನಪು ಇನ್ನೂ ಹಸಿಯಾಗಿತ್ತು. ಸಂಸ್ಥಾನದ ಆಡಳಿತ ಕುಸಿಯುತ್ತಿದ್ದಂತೆ ಸೇಡಿನ ಹಿಂಸೆ ಭುಗಿಲೆದ್ದಿತು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ 1948ರ ನವೆಂಬರ್–ಡಿಸೆಂಬರ್‌ನಲ್ಲಿ ಪ್ರವಾಸ ಮಾಡಿ, ಕಾರ್ಯಾಚರಣೆಯ ವೇಳೆ ಮತ್ತು ಆನಂತರ ಸತ್ತವರ ಸಂಖ್ಯೆ ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಸಮಿತಿ ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್.

ಕೆಲವೆಡೆ ಸೇನೆ, ಪೊಲೀಸರಿಗೆ ಸೇರಿದವರೇ ಲೂಟಿ, ಕೊಲೆಗಳಲ್ಲಿ ಭಾಗಿಯಾಗಿದ್ದರೆಂದು ವರದಿ ಹೇಳುತ್ತದೆ. ಅನೇಕ ಕಡೆ ಸೈನಿಕರು ಮುಸ್ಲಿಮರ ರಕ್ಷಣೆಗೆ ನಿಂತದ್ದನ್ನೂ ಅದೇ ವರದಿ ದಾಖಲಿಸಿದೆ. ನೆರೆಯವರನ್ನು ಉಳಿಸಿದ ಹಿಂದೂ ಕುಟುಂಬಗಳ ಪ್ರಸ್ತಾಪವೂ ಇದೆ. ಗೃಹ ಸಚಿವ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ಅದು ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಸಂಖ್ಯೆಯ ಬಗೆಗಿನ ವಾದ ಇಂದಿಗೂ ಮುಗಿದಿಲ್ಲ.

ಈ ವಾದದಲ್ಲಿ ಸೈನಿಕನ ಸಾಕ್ಷ್ಯಕ್ಕೆ ವಿಶೇಷ ಬೆಲೆಯಿದೆ. ಅವನು ಈ ಊರಿನವನಲ್ಲ, ಇಲ್ಲಿನ ಜಾತಿ–ಮತದ ಲೆಕ್ಕಾಚಾರ ಅವನದಲ್ಲ. ಹಾಗೆಂದು ಅವನು ಪೂರ್ಣ ತಟಸ್ಥನೂ ಅಲ್ಲ. ಅವನ ಸಮವಸ್ತ್ರವೂ ಆರೋಪಕ್ಕೆ ಗುರಿಯಾಗಿದೆ. ಆದ್ದರಿಂದಲೇ ಸೇನೆಯ ದಾಖಲೆಯನ್ನು ಹಳ್ಳಿಯ ಹಿರಿಯರ ನೆನಪಿನೊಂದಿಗೆ ಪಕ್ಕಪಕ್ಕದಲ್ಲಿಟ್ಟು ಓದಬೇಕಾಗಿದೆ.

ಉಳಿದಿರುವ ಕಾಲ ಅಲ್ಪ

ದಿನಾಚರಣೆಯ ಹೆಸರಿನ ಚರ್ಚೆಗೇನೂ ಕೊರತೆಯಾಗಿಲ್ಲ. 2019ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕವೆಂದು ಕರೆಯಿತು. ವಿಮೋಚನಾ ದಿನ ‘ಉತ್ಸವ’ವಾಯಿತು. 2022ರಿಂದ ಕೇಂದ್ರ ಸರ್ಕಾರ ಹೈದರಾಬಾದಿನಲ್ಲಿ ವಿಮೋಚನಾ ದಿನ ಆಚರಿಸುತ್ತಿದೆ. ಹೆಸರು ಯಾವುದಾದರೂ ಇರಲಿ, ಅಂದು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. 1948ರಲ್ಲಿ ಹದಿನೆಂಟರ ಹರೆಯದಲ್ಲಿದ್ದ ಸೈನಿಕ ಇಂದು ಬದುಕಿದ್ದರೆ ತೊಂಬತ್ತೈದರ ಗಡಿಯಲ್ಲಿರುತ್ತಾನೆ. ಅಂದು ಹತ್ತು ವರ್ಷದವರಾಗಿದ್ದ ಹಳ್ಳಿಗರಿಗೂ ಎಂಬತ್ತೈದು ದಾಟಿದೆ.

ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಉತ್ಸವದ ವೆಚ್ಚದಲ್ಲಿ ಒಂದು ಪಾಲನ್ನು ಈ ನೆನಪುಗಳ ಧ್ವನಿಮುದ್ರಣಕ್ಕೆ ಮೀಸಲಿಡುವುದು ಸರ್ಕಾರಕ್ಕೆ ದೊಡ್ಡ ಹೊರೆಯೇನಲ್ಲ. ರಜಾಕಾರರಿಂದ ನೊಂದವರ, ಆನಂತರದ ಸೇಡಿಗೆ ಬಲಿಯಾದವರ, ಎರಡನ್ನೂ ಕಂಡ ಸೈನಿಕರ ಮಾತುಗಳು ಒಂದೇ ಕಡೆ ಸಂಗ್ರಹವಾಗಬೇಕು. ಇಲ್ಲವಾದರೆ ಮುಂದಿನ ಪೀಳಿಗೆಗೆ ಉಳಿಯುವುದು ಸೆಪ್ಟೆಂಬರ್ 17ರ ಭಾಷಣಗಳು ಮಾತ್ರ.