ಚೀನಾ ವಿಚಾರ ಸಂಸತ್ತಿನಲ್ಲಿ ಚರ್ಚೆಯಾಗಲಿ

ಮಾನ್ಯ ಸಂಪಾದಕರೇ,

ಚೀನಾ ಜತೆಗಿನ ವ್ಯಾಪಾರದ ಬಗ್ಗೆ ಈಚೆಗೆ ನಿಮ್ಮ ಅಂಕಣದಲ್ಲಿ ಬಂದ ಪತ್ರಗಳಲ್ಲಿ ಎರಡೇ ಮಾತು ಕಾಣುತ್ತಿದೆ. ಚೀನೀ ಮಾಲು ಮುಟ್ಟಲೇಬಾರದು ಎನ್ನುವವರು ಕೆಲವರು. ಗಡಿ ಬೇರೆ, ವ್ಯಾಪಾರ ಬೇರೆ, ಅಗ್ಗಕ್ಕೆ ಸಿಕ್ಕಿದ್ದನ್ನು ತರಿಸಿಕೊಳ್ಳೋಣ ಎನ್ನುವವರು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮಂಥವರು ಕಂಡಿರುವ ತೊಂದರೆಯೇ ಬೇರೆ. ದೆಹಲಿಯಲ್ಲಿ ಒಂದು ಇಲಾಖೆ ಒಪ್ಪಿದ್ದನ್ನು ಇನ್ನೊಂದು ಇಲಾಖೆ ತಡೆಯುತ್ತದೆ. ಯಾಕೆ, ಎಲ್ಲಿಯವರೆಗೆ ಎಂದು ಜನರಿಗೆ ಹೇಳುವವರಿಲ್ಲ.

ಬೆಂಗಳೂರಿನ ನಮ್ಮ ಮೆಟ್ರೊ ಹಳದಿ ಮಾರ್ಗವನ್ನೇ ನೋಡಿ. ಈ ಮಾರ್ಗದ್ದೂ ಸೇರಿ 216 ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋದದ್ದು 2019ರಲ್ಲಿ. ಮೊತ್ತ ಸುಮಾರು ₹1,578 ಕೋಟಿ. ಹೆಚ್ಚಿನ ಬೋಗಿಗಳನ್ನು ಭಾರತದಲ್ಲೇ ಕಟ್ಟಬೇಕೆಂಬ ಷರತ್ತೂ ಇತ್ತು. ಮರುವರ್ಷ ಏಪ್ರಿಲ್‌ನಲ್ಲಿ, ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಕೇಂದ್ರದ ಅನುಮತಿ ಕಡ್ಡಾಯವೆಂಬ ನಿಯಮ ಬಂತು. ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರ ಜತೆಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆಮೇಲೆ ಚೀನೀಯರಿಗೆ ವೀಸಾ ಬಿಗಿಯಾಯಿತು. ಗುತ್ತಿಗೆ ರದ್ದಾಗಲಿಲ್ಲ, ಕೆಲಸವೂ ಮುಂದೆ ಸಾಗಲಿಲ್ಲ. ಕೊನೆಗೆ ಕೋಲ್ಕತ್ತ ಬಳಿಯ ಟಿಟಾಘರ್ ಕಾರ್ಖಾನೆಯನ್ನು ಜತೆಗೂಡಿಸಿಕೊಳ್ಳಬೇಕಾಯಿತು. ಚೀನಾದಿಂದ ಮೊದಲ ರೈಲು ಬಂದಿಳಿದದ್ದು 2024ರ ಫೆಬ್ರುವರಿಯಲ್ಲಿ. ಅದರ ಪರೀಕ್ಷೆಗೆ ಬರಬೇಕಾದ ಎಂಜಿನಿಯರುಗಳ ವೀಸಾ ಕೂಡ ತಡವಾಯಿತು. ಕಂಬ, ಹಳಿ, ನಿಲ್ದಾಣಗಳು ಸಿದ್ಧವಾಗಿದ್ದರೂ ರೈಲಿಲ್ಲದ ಮಾರ್ಗದ ಕೆಳಗೆ ಸಾವಿರಾರು ಕಾರ್ಮಿಕರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ದಿನವೂ ಸಿಕ್ಕಿಬೀಳುತ್ತಿದ್ದರು. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದರಂತೆ.

ಗಾಲ್ವಾನ್ ಆದಮೇಲೆ ಚೀನೀ ಕಂಪನಿಯೇ ಬೇಡವೆಂದು ಸರ್ಕಾರ ತೀರ್ಮಾನಿಸಿದ್ದರೆ ನಾನು ಒಪ್ಪುತ್ತಿದ್ದೆ. ಹೊಸ ಟೆಂಡರು ಕರೆದು, ಎರಡು ವರ್ಷ ತಡವಾಗುತ್ತದೆ, ಸಹಿಸಿಕೊಳ್ಳಿ ಎಂದಿದ್ದರೆ ಹೊಸೂರು ರಸ್ತೆಯ ಜನ ಸಹಿಸಿಕೊಳ್ಳುತ್ತಿದ್ದರು. ರೈಲಿನಿಂದ ಭದ್ರತೆಗೆ ಅಪಾಯವಿಲ್ಲ ಎಂದಾಗಿದ್ದರೆ ಎಂಜಿನಿಯರುಗಳನ್ನು ಬೇಗ ಕರೆಸಿ ಕೆಲಸ ಮುಗಿಸಿಕೊಳ್ಳಬಹುದಿತ್ತು. ಎರಡರಲ್ಲಿ ಯಾವುದೂ ಆಗಲಿಲ್ಲ. ದೇಶದ ಭದ್ರತೆಗೆ ಇದರಿಂದ ಏನು ಸಿಕ್ಕಿತು?

ಅತ್ತ ಆಮದು ಏರುತ್ತಲೇ ಇದೆ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ನಿಷೇಧವಾದ ಹಣಕಾಸು ವರ್ಷದಲ್ಲಿ ಚೀನಾದಿಂದ ನಾವು ತರಿಸಿಕೊಂಡದ್ದು ಸುಮಾರು 65 ಶತಕೋಟಿ ಡಾಲರ್ ಮಾಲು. 2024–25ರ ಹೊತ್ತಿಗೆ ಅದು 113 ಶತಕೋಟಿ ದಾಟಿತು. ನಾವು ಮಾರಿದ್ದು 14 ಶತಕೋಟಿ ಮಾತ್ರ, ಅದೂ ಮೊದಲಿಗಿಂತ ಕಡಿಮೆ. ಕಣ್ಣಿಗೆ ಕಾಣುವ ಆ್ಯಪ್ ಹೋಯಿತು. ಔಷಧದ ಕಚ್ಚಾವಸ್ತು, ಸೌರಫಲಕ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅವಲಂಬನೆ ಉಳಿಯಿತು. ಇದಕ್ಕೇನು ದಾರಿ ಎಂಬುದರಲ್ಲಿ ಸರ್ಕಾರದೊಳಗೇ ಒಮ್ಮತವಿರಲಿಲ್ಲ. 2024ರ ಜುಲೈನಲ್ಲಿ ಮಂಡನೆಯಾದ ಆರ್ಥಿಕ ಸಮೀಕ್ಷೆ ಚೀನೀ ಹೂಡಿಕೆ ಪಡೆಯುವುದು ಲಾಭಕರ ಎಂದಿತು. ಕೆಲವೇ ದಿನಗಳಲ್ಲಿ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಅಂಥ ಮರುಚಿಂತನೆ ಇಲ್ಲವೆಂದರು. ಹೊಸ ಯಂತ್ರಕ್ಕೆ ಬ್ಯಾಂಕ್ ಸಾಲ ಮಾಡುವ ಸಣ್ಣ ಕೈಗಾರಿಕೆಯವನು ಯಾರ ಮಾತು ನಂಬಬೇಕು?

ರೇಷ್ಮೆಯವರಿಗೆ ಇಂಥ ಅನಿಶ್ಚಿತತೆ ಹೊಸದಲ್ಲ. ಹೆಚ್ಚಾಗಿ ಚೀನಾದಿಂದಲೇ ಬರುವ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರ ಬಜೆಟ್ ಶೇ 30ರಿಂದ ಒಮ್ಮೆಗೇ ಶೇ 5ಕ್ಕೆ ಇಳಿಸಿತು. ಆ ಪೆಟ್ಟು ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಿಗೆ ಬಿತ್ತು. 2013ರಲ್ಲಿ ಸುಂಕ ಶೇ 15 ಆಯಿತು, ಆಮೇಲೆ ಶೇ 10, 2021ರಲ್ಲಿ ಮತ್ತೆ ಶೇ 15. ಅಗ್ಗದ ನೂಲು ಬೇಕೆನ್ನುವ ವಾರಾಣಸಿಯ ನೇಕಾರರ ಬೇಡಿಕೆಯೂ ನ್ಯಾಯವೇ. ಆದರೆ ಹಿಪ್ಪುನೇರಳೆ ತೋಟ ಒಂದು ಬಜೆಟ್ಟಿಗೆ ನೆಟ್ಟು ಮುಂದಿನ ಬಜೆಟ್ಟಿಗೆ ಕೀಳುವ ಬೆಳೆಯಲ್ಲ. ಹತ್ತು ವರ್ಷಕ್ಕೆ ಸುಂಕ ಇಷ್ಟೇ ಎಂದು ಮೊದಲೇ ತಿಳಿದರೆ ರೈತನೂ ನೂಲು ಬಿಚ್ಚುವ ರೀಲರೂ ನೇಕಾರನೂ ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳುತ್ತಾರೆ.

ಸರ್ಕಾರ ಸರಿಯಾಗಿ ಮಾಡಿದ್ದೂ ಇದೆ, ಅದನ್ನು ಮೆಚ್ಚಬೇಕು. ದೂರಸಂಪರ್ಕ ಜಾಲಕ್ಕೆ ವಿಶ್ವಾಸಾರ್ಹ ಮೂಲದ ಉಪಕರಣವನ್ನೇ ಕೊಳ್ಳಬೇಕೆಂಬ ನಿರ್ದೇಶನಕ್ಕೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2021ರ ಜೂನ್‌ನಿಂದ ಅದು ಜಾರಿಯಾಯಿತು. ಯಾವುದಕ್ಕೆ ಕಡಿವಾಣ, ಯಾವತ್ತಿನಿಂದ ಎಂಬುದು ಕಂಪನಿಗಳಿಗೆ ಗೊತ್ತಿತ್ತು. ಫೋನು, ವಿದ್ಯುತ್ ಜಾಲ, ಕಣ್ಗಾವಲು ಕ್ಯಾಮೆರಾಗಳಲ್ಲಿ ಬೆಲೆ ನೋಡಬಾರದು, ಭದ್ರತೆಯೇ ಮೊದಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಇದೇ ಶಿಸ್ತು ಉಳಿದ ಕಡೆ ಯಾಕಿಲ್ಲ?

ಅಯಸ್ಕಾಂತದ ವಿಷಯ ನೋಡಿ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ವಿರಳ ಭಸ್ಮ ಲೋಹಗಳು ಹಾಗೂ ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಇವನ್ನೇ ನೆಚ್ಚಿದ್ದ ಎಲೆಕ್ಟ್ರಿಕ್ ವಾಹನ ತಯಾರಕರು ಕಂಗಾಲಾದರು. ಈ ಖನಿಜ ನಮ್ಮಲ್ಲಿಲ್ಲವೆಂದಲ್ಲ. ಕೇರಳ, ಒಡಿಶಾದ ಕಡಲ ಮರಳಿನಲ್ಲಿದೆ, ಅದನ್ನು ತೆಗೆಯುವ ಸರ್ಕಾರಿ ಕಂಪನಿ ಹುಟ್ಟಿದ್ದು 1950ರಲ್ಲೇ. ಆದರೂ ಅಯಸ್ಕಾಂತ ಮಾಡುವ ₹7,280 ಕೋಟಿಯ ಯೋಜನೆಗೆ ಸಂಪುಟ ಒಪ್ಪಿದ್ದು, ಚೀನಾ ಕತ್ತು ಹಿಸುಕಿದ ಮೇಲೆ, 2025ರ ನವೆಂಬರ್‌ನಲ್ಲಿ.

ಇದನ್ನೆಲ್ಲ ಸಂಸತ್ತಿನಲ್ಲಿ ಚರ್ಚಿಸಿ ಎಂದರೆ, ಇದು ಭದ್ರತೆಯ ಸೂಕ್ಷ್ಮ ವಿಚಾರ, ಬಹಿರಂಗ ಚರ್ಚೆ ಸಲ್ಲದು ಎಂಬ ವಾದ ಬರುತ್ತದೆ. ಸೇನೆ ಎಲ್ಲಿ ನಿಂತಿದೆ ಎಂದು ನಾನು ಕೇಳುತ್ತಿಲ್ಲ. ಚೀನಾ ನಮಗೆ ಏನು ಮಾರುತ್ತದೆ, ಯಾವುದನ್ನು ನಿಲ್ಲಿಸಿದರೆ ನಮಗೆ ನೋಯುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಜನರಿಗೆ ಮಾತ್ರ. 1962ರಲ್ಲಿ ಚೀನಾ ಜತೆ ಯುದ್ಧ ನಡೆಯುತ್ತಿದ್ದಾಗಲೇ ಅಟಲ್ ಬಿಹಾರಿ ವಾಜಪೇಯಿ ಸಂಸತ್ತಿನ ಅಧಿವೇಶನ ಕರೆಯಿರೆಂದು ಒತ್ತಾಯಿಸಿದರು, ನೆಹರೂ ಒಪ್ಪಿದರು. ನವೆಂಬರ್ 8ರಿಂದ 14ರವರೆಗೆ ಲೋಕಸಭೆಯಲ್ಲಿ 165 ಸದಸ್ಯರು ಮಾತನಾಡಿದರು. ಪ್ರಧಾನಿ ಕಟುವಾದ ಟೀಕೆಯನ್ನು ಕೂತು ಕೇಳಿದರು. ಗಾಲ್ವಾನ್ ಬಗ್ಗೆ 2020ರ ಸೆಪ್ಟೆಂಬರ್‌ನಲ್ಲಿ, ತವಾಂಗ್ ಗಡಿ ಘರ್ಷಣೆಯ ಬಗ್ಗೆ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಸಿಕ್ಕಿದ್ದು ರಕ್ಷಣಾ ಸಚಿವರ ಹೇಳಿಕೆ ಮಾತ್ರ, ಚರ್ಚೆಯಲ್ಲ.

ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಸಂಸದರನ್ನು, ಪಕ್ಷ ಯಾವುದೇ ಇರಲಿ, ನಾನು ಕೇಳಿಕೊಳ್ಳುವುದಿಷ್ಟೆ. ಮುಂದಿನ ಅಧಿವೇಶನದಲ್ಲಿ ಇದಕ್ಕೆಂದೇ ಚರ್ಚೆ ಕೇಳಿ. ನಾವು ಚೀನಾವನ್ನೇ ನೆಚ್ಚಿಕೊಂಡಿರುವ ವಸ್ತುಗಳ ಪಟ್ಟಿಯನ್ನು ಸರ್ಕಾರ ಸದನದ ಮುಂದಿಡಲಿ. ಯಾವುದನ್ನು ಎಷ್ಟು ವರ್ಷದಲ್ಲಿ ಇಲ್ಲೇ ತಯಾರಿಸುತ್ತೇವೆ, ಯಾವುದನ್ನು ಯಾವ ಷರತ್ತಿನ ಮೇಲೆ ಕೊಳ್ಳುತ್ತೇವೆ, ಯಾವುದನ್ನು ಎಂದಿಗೂ ಕೊಳ್ಳುವುದಿಲ್ಲ ಎಂದು ಹೇಳಲಿ. ಪ್ರತಿ ವರ್ಷ ಅದೇ ಸದನಕ್ಕೆ ಬಂದು ಎಷ್ಟಾಯಿತು, ಎಷ್ಟಾಗಲಿಲ್ಲ ಎಂಬ ಲೆಕ್ಕ ಕೊಡಲಿ.

ಇಂತಿ,
ನಿಮ್ಮ ಓದುಗ,
ಬೊಮ್ಮಸಂದ್ರ, ಬೆಂಗಳೂರು ನಗರ ಜಿಲ್ಲೆ