ಬೆಟ್ಟದ ತಿರುವಿನಲ್ಲಿ ನಿಂತವರು



ಯಲಹಂಕದ ಸಮೀಪದ ಅಟ್ಟೂರಿನಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ನಂದಿಬೆಟ್ಟದಲ್ಲಿ ಸೈಕಲ್ ಏರಿಕೆಯ ಸ್ಪರ್ಧೆ ನಡೆಯುವ ದಿನಗಳಂದು ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಹೊರಡುತ್ತಾನಂತೆ. ತಾನು ಸೈಕಲ್ ತುಳಿಯುವುದಿಲ್ಲ. ತುಳಿಯುವವರ ಸಲುವಾಗಿ ಸ್ವಯಂಸೇವಕನಾಗಿ ನಿಲ್ಲುತ್ತಾನೆ. ಸಂಬಳವಿಲ್ಲ, ಪದಕವಿಲ್ಲ, ಪತ್ರಿಕೆಯಲ್ಲಿ ಚಿತ್ರವೂ ಬರುವುದಿಲ್ಲ. ಕೇಳಿದರೆ "ಇದೂ ಕಾಯಕವೇ ಅಮ್ಮ" ಎಂದು ಹೇಳಿ ಅಂದಿನ ಇಷ್ಟಲಿಂಗಪೂಜೆಯನ್ನೂ ಬಿಡುತ್ತಾನೆ. ಇದು ಸರಿಯೆ ಎಂಬುದು ಆ ತಾಯಿಯ ಪ್ರಶ್ನೆ.

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ನಮ್ಮ ಓದುಗರಿಗೆ ಸೈಕಲ್ ಓಟ ಹೊಸದಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆ ಎಷ್ಟೋ ಸವಾರರನ್ನು ಸಿದ್ಧಗೊಳಿಸಿದೆ. ಆದರೆ ಬೆಟ್ಟದ ಏರಿಕೆಯ ರೀತಿಯೇ ಬೇರೆ. ನಂದಿಬೆಟ್ಟದ ಎತ್ತರ 1478 ಮೀಟರು. ಬುಡದಿಂದ ಏಳೆಂಟು ಕಿಲೋಮೀಟರು ದಾರಿ ತಿರುವಿನ ಮೇಲೆ ತಿರುವಾಗಿ ಏರುತ್ತದೆ. ಇಂಥ ಸ್ಪರ್ಧೆಗಳಲ್ಲಿ ಕೆಲವೊಮ್ಮೆ ಎಲ್ಲರನ್ನೂ ಒಟ್ಟಿಗೆ, ಕೆಲವೊಮ್ಮೆ ಒಬ್ಬೊಬ್ಬರನ್ನೇ ನಿಗದಿತ ಅಂತರದಲ್ಲಿ ಬಿಟ್ಟು, ಮೇಲೆ ಮುಟ್ಟಿದ ಕಾಲವನ್ನು ಸೆಕೆಂಡುಗಳ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವವನ ಕಣ್ಣು ಒಂದು ಕ್ಷಣ ಅತ್ತಿತ್ತಾದರೆ ಒಬ್ಬನ ತಿಂಗಳುಗಳ ಶ್ರಮ ಇನ್ನೊಬ್ಬನ ಹೆಸರಿಗೆ ಹೋಗುತ್ತದೆ.

ಉಳಿದ ಕೆಲಸಗಳೂ ಅಷ್ಟೆ. ಕತ್ತಲಲ್ಲಿ ಮೇಜು ಹಾಕಿ ಹೆಸರು ನೋಡಿ ಸಂಖ್ಯೆಯ ಚೀಟಿ ಕೊಡಬೇಕು. ಶಿರಸ್ತ್ರಾಣದ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಬೇಕು. ಸವಾರರ ಚಳಿಯಂಗಿಗಳನ್ನು ಚೀಲದಲ್ಲಿ ತುಂಬಿ ಮೇಲಕ್ಕೆ ಸಾಗಿಸಬೇಕು, ಏಕೆಂದರೆ ಬೆವೆತು ಏರಿದವನಿಗೆ ಶಿಖರದ ಗಾಳಿ ಕೂಡಲೇ ನಡುಕ ಹುಟ್ಟಿಸುತ್ತದೆ. ಬಾಳೆಹಣ್ಣಿನ ಬುಟ್ಟಿಯನ್ನು ಕೋತಿಗಳಿಂದ ಕಾಯುವುದೂ ಒಂದು ಹುದ್ದೆಯೇ ಸರಿ! ಕೊನೆಯ ಸವಾರನ ಹಿಂದೆ ಒಂದು ವಾಹನ ನಿಧಾನವಾಗಿ ಬರುತ್ತದೆ. ಸೋತು ಕುಳಿತವನನ್ನು ಹತ್ತಿಸಿಕೊಳ್ಳುವುದು ಅದರ ಕೆಲಸ. ನಿಜವಾದ ಅಪಾಯವಿರುವುದು ಇಳಿಯುವಾಗ. ಮೊದಲು ಮುಟ್ಟಿದವರು ಉತ್ಸಾಹದಿಂದ ಕೆಳಗೆ ಧಾವಿಸಿದರೆ ಏರುತ್ತಿರುವವರಿಗೆ ಎದುರಾಗುತ್ತಾರೆ. ಕೊನೆಯವನು ಮೇಲೆ ಮುಟ್ಟುವವರೆಗೆ ಅವರನ್ನು ತಡೆದು ನಿಲ್ಲಿಸಲು ಗಟ್ಟಿ ದನಿಯೂ ತಾಳ್ಮೆಯೂ ಬೇಕು.

ಆ ಹುಡುಗನ ಪಾಲಿಗೆ ಬಂದದ್ದು ಪೊರಕೆ. ತಿರುವುಗಳಲ್ಲಿ ಸೇರಿರುವ ಜಲ್ಲಿ, ಮರಳು, ಒಣಗಿದ ಎಲೆಗಳನ್ನು ಸ್ಪರ್ಧೆಗೆ ಮುಂಚೆ ಗುಡಿಸಿ, ಬಳಿಕ ಅಲ್ಲಿಯೇ ಬಾವುಟ ಹಿಡಿದು ನಿಲ್ಲುವುದು. ಒಂದು ಹಿಡಿ ಮರಳು ಸಾಕು, ಸೈಕಲ್ಲಿನ ಸಪೂರ ಗಾಲಿ ಜಾರಲು. ಮಳೆಗಾಲದಲ್ಲಿ ಆ ಬೆಟ್ಟವನ್ನು ನಂಬುವಂತೆಯೂ ಇಲ್ಲ: 2021ರ ಆಗಸ್ಟ್‌ನಲ್ಲಿ ಮಣ್ಣು ಕುಸಿದು ದಾರಿಯೇ ಕಡಿದುಹೋಗಿ ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಪತ್ರವನ್ನು ಓದುವಾಗ ನನಗೆ ಶರಣೆ ಸತ್ಯಕ್ಕ ನೆನಪಾದಳು. ಶಿವಭಕ್ತರ ಮನೆಯಂಗಳ ಗುಡಿಸುವುದೇ ಅವಳ ಕಾಯಕವಾಗಿತ್ತು.

ಹಾಗೆಂದು ಹುಡುಗನ ಮಾತನ್ನು ಇಡಿಯಾಗಿ ಒಪ್ಪಲಾರೆ. ಕಾಯಕವೆಂದರೆ ಮೈಮುರಿದು ದುಡಿದು ಬದುಕನ್ನು ನಡೆಸುವ ವೃತ್ತಿ. ಆ ದುಡಿಮೆಯಿಂದ ಬಂದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಇವನು ಸಲ್ಲಿಸುತ್ತಿರುವುದು ತನ್ನ ನಿದ್ದೆಯನ್ನು, ತೋಳಿನ ಬಲವನ್ನು. ಆದ್ದರಿಂದ ಇದು ದಾಸೋಹಕ್ಕೆ ಹತ್ತಿರ. ಸಿದ್ಧಗಂಗೆಯಂಥ ಮಠದಲ್ಲಿ ಪಂಕ್ತಿಗೆ ಕುಳಿತವರಿಗೆ, ನಸುಕಿನಲ್ಲಿ ಒಲೆ ಹೊತ್ತಿಸಿದವರಾರೆಂಬುದು ತಿಳಿಯುವುದಿಲ್ಲ. ತಿಳಿಯಬೇಕೆಂದು ಅವರು ಬಯಸುವುದೂ ಇಲ್ಲ. ಕಾಯಕದಲ್ಲಿ ನಿರತನಾದವನು ಲಿಂಗಪೂಜೆಯನ್ನೇ ಮರೆತರೂ ದೋಷವಿಲ್ಲವೆಂಬ ಆಯ್ದಕ್ಕಿ ಮಾರಯ್ಯನ ನಿಲುವನ್ನು ಹುಡುಗ ಎಲ್ಲಿಯೋ ಕೇಳಿರಬೇಕು. ಅದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ನಿತ್ಯ ದಾಸೋಹ ನಡೆಸಿದವನ ಮಾತು. ತಿಂಗಳಿಗೊಮ್ಮೆ ಪೊರಕೆ ಹಿಡಿಯುವವನು ಅದನ್ನು ಎರವಲು ಪಡೆಯುವುದು ಸಲ್ಲದು.

ಆದರೆ ತಾಯಿಯೂ ಒಂದನ್ನು ಗಮನಿಸಬೇಕು. ಪೂಜೆಗೆ ದೇವರಮನೆಯೇ ಬೇಕೆಂದು ಯಾರು ಹೇಳಿದರು? ಗುಡಿಯ ಹಂಗಿಲ್ಲದೆ ಎದೆಯ ಮೇಲೆ ಧರಿಸುವಂತೆ ಲಿಂಗವನ್ನು ಕೊಟ್ಟುದೇ ಇಂಥ ಸಂದರ್ಭಕ್ಕೆ. ಬೆಟ್ಟದ ಬುಡದಲ್ಲಿ, ಸವಾರರು ಬಂದು ಸೇರುವ ಮುನ್ನ, ಒಂದು ಬಂಡೆಯ ಮೇಲೆ ಕುಳಿತು ಭಸ್ಮ ಧರಿಸಿ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಳ್ಳಲು ಕಾಲುಗಂಟೆ ಸಾಕು. ಚೀಲದಲ್ಲಿ ಭಸ್ಮದ ಗಟ್ಟಿಯನ್ನೂ ನೀರಿನ ಚೊಂಬನ್ನೂ ಇಟ್ಟು ಕಳುಹಿಸಿರಿ.

ಇನ್ನೊಂದು ಮಾತು ಸ್ಪರ್ಧೆ ನಡೆಸುವವರಿಗೆ ಸಂಬಂಧಿಸಿದ್ದು. ಹವ್ಯಾಸಿಗಳು ತಾವೇ ಹಣ ಕೂಡಿಸಿ, ಇಂದು ಓಡಿದವನು ಮುಂದಿನ ಬಾರಿ ಬಾವುಟ ಹಿಡಿಯುವಂತೆ ನಡೆಸುವ ಸ್ಪರ್ಧೆಗೆ ಉಚಿತ ಸೇವೆ ಶೋಭಿಸುತ್ತದೆ. ದೊಡ್ಡ ಪ್ರವೇಶಶುಲ್ಕ, ಕಂಪನಿಗಳ ಪ್ರಾಯೋಜಕತ್ವ, ಲಾಭದ ಲೆಕ್ಕ ಇರುವಲ್ಲಿ ಬಡ ವಿದ್ಯಾರ್ಥಿಗಳನ್ನು ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸುವುದು ಬೇರೆಯೇ ಸಂಗತಿ. ಶರಣರು ಕೂಲಿಯನ್ನು ಎಂದೂ ಹೀಗಳೆಯಲಿಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿಯೇ ದಾಸೋಹ ಮಾಡಿದನು. ಅಂಥ ಕಡೆ ಹುಡುಗ ಪ್ರಯಾಣದ ಖರ್ಚನ್ನೂ ಉಪಾಹಾರವನ್ನೂ ಸಂಕೋಚವಿಲ್ಲದೆ ಕೇಳಲಿ. ತಿರುವಿನಲ್ಲಿ ನಿಂತವನಿಗೆ ವಾಹನ ತಾಗಿದರೆ ಚಿಕಿತ್ಸೆಯ ಹೊಣೆ ಯಾರದೆಂದೂ ಮೊದಲೇ ಕೇಳಲಿ.

ಬುಡದ ಅಡ್ಡರಸ್ತೆಗಳಲ್ಲಿ ನಿಲ್ಲುವವರಿಗೆ ಇನ್ನೂ ಸೂಕ್ಷ್ಮವಾದ ಕೆಲಸವಿದೆ. ಅದು ಹೂವು, ದ್ರಾಕ್ಷಿ, ರೇಷ್ಮೆ, ಹೈನಿನ ಸೀಮೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟ ರೈತನನ್ನೂ, ಹೂವಿನ ಮೂಟೆ ಹೊತ್ತು ಸಂತೆಗೆ ಹೊರಟವರನ್ನೂ ಆಟಕ್ಕಾಗಿ ತಡೆದು ನಿಲ್ಲಿಸಿದರೆ ಅವರ ಅಂದಿನ ಗಳಿಕೆಯೇ ಹೋಗುತ್ತದೆ. ಹಿಂದಿನ ದಿನವೇ ಊರೊಳಗೆ ಹೋಗಿ ಹಿರಿಯರಿಗೆ ಸಮಯ ತಿಳಿಸಿ ಬರುವುದು, ಸವಾರರ ನಡುವೆ ಬಿಡುವು ನೋಡಿ "ಬನ್ನಿ ಅಣ್ಣಾ, ಈಗ ದಾಟಿ" ಎಂದು ಅವರನ್ನು ಮೊದಲು ಕಳುಹಿಸುವುದು, ಇವು ಬಾವುಟ ಬೀಸಲು ಕಲಿಯುವ ಮೊದಲೇ ಹುಡುಗರು ಕಲಿಯಬೇಕಾದವು.